ಪುಟ್ಟ ರೀಫ್ ತೊಟ್ಟಿಯಲ್ಲಿ ನೈಟ್ರೇಟ್, ಫಾಸ್ಫೇಟ್ ಹತೋಟಿ: ಹಂತಹಂತದ ಸಮಗ್ರ ಮಾರ್ಗದರ್ಶಿ

40ರಿಂದ 100 ಲೀಟರಿನ ಉಪ್ಪುನೀರಿನ ತೊಟ್ಟಿಯಲ್ಲಿ ಹವಳ ಸಾಕುವವರನ್ನು ಹೆಚ್ಚು ಕಾಡುವುದು ಎರಡು ಪೋಷಕಾಂಶಗಳು: ನೈಟ್ರೇಟ್ ಮತ್ತು ಫಾಸ್ಫೇಟ್. ಇವು ಮಿತಿಮೀರಿದರೆ ಬಂಡೆಗಳ ಮೇಲೆ ಹಸಿರು ಕೂದಲು ಪಾಚಿ ಹಬ್ಬುತ್ತದೆ, ಹವಳಗಳು ಮಂಕಾಗಿ ಕಂದುಬಣ್ಣಕ್ಕೆ ತಿರುಗುತ್ತವೆ. ಪೂರ್ತಿ ಬರಿದಾದರೆ ಹವಳಗಳು ಬಿಳಿಚಿಕೊಂಡು ಸೊರಗುತ್ತವೆ, ಡೈನೋಫ್ಲಾಜೆಲೇಟ್ ಎಂಬ ಏಕಕೋಶ ಜೀವಿಗಳ ಕಂದು ಲೋಳೆ ಮರಳನ್ನು ಮುಚ್ಚತೊಡಗುತ್ತದೆ. ದೊಡ್ಡ ತೊಟ್ಟಿಯಲ್ಲಿ ಇಂಥ ಬದಲಾವಣೆಗೆ ತಿಂಗಳುಗಳು ಬೇಕು. ಪುಟ್ಟ ತೊಟ್ಟಿಯಲ್ಲಿ ಒಂದೆರಡು ವಾರ ಸಾಕು, ಏಕೆಂದರೆ ಅದೇ ಒಂದು ಚಿಟಿಕೆ ಆಹಾರ ಇಲ್ಲಿ ಬಹಳ ಕಡಿಮೆ ನೀರಿನಲ್ಲಿ ಕರಗುತ್ತದೆ.

ಟೆಸ್ಟ್ ಕಿಟ್ ಇವತ್ತು ತೋರಿಸಿದ ಅಂಕಿಗಿಂತ, ಆ ಅಂಕಿ ವಾರಕ್ಕೆ ಎಷ್ಟು ಏರುತ್ತಿದೆ ಎಂಬುದು ಹೆಚ್ಚು ಮುಖ್ಯ. ಏರಿಕೆ ಗೊತ್ತಿದ್ದರೆ ಎಷ್ಟು ನೀರು ಬದಲಿಸಬೇಕು, ಫಾಸ್ಫೇಟ್ ಹೀರುವ ಮಾಧ್ಯಮ ಬೇಕೋ ಬೇಡವೋ, ಆಹಾರ ತಗ್ಗಿಸಬೇಕೋ ಎಂಬುದೆಲ್ಲ ಸರಳ ಲೆಕ್ಕವಾಗುತ್ತದೆ. ಗೊತ್ತಿಲ್ಲದಿದ್ದರೆ ಒಂದಾದ ಮೇಲೊಂದು ಬಾಟಲಿ ತಂದು ಸುರಿಯುವುದಷ್ಟೇ ಆಗುತ್ತದೆ. ಕೆಳಗಿನ ಲೆಕ್ಕಗಳೆಲ್ಲ 50 ಲೀಟರ್ ನಿಜವಾದ ನೀರಿರುವ ತೊಟ್ಟಿಗೆ ಹೊಂದುವಂಥವು. ನಿಮ್ಮ ತೊಟ್ಟಿಯ ಅಳತೆಗೆ ಅನುಪಾತದಲ್ಲಿ ಬದಲಿಸಿಕೊಳ್ಳಿ.

ಗುರಿ ಎಷ್ಟಿರಬೇಕು?

ಮಿಶ್ರ ಹವಳಗಳ ತೊಟ್ಟಿಗೆ ನೈಟ್ರೇಟ್ 3ರಿಂದ 10 ಪಿಪಿಎಂ (ಲೀಟರಿಗೆ ಮಿಲಿಗ್ರಾಂ), ಫಾಸ್ಫೇಟ್ 0.03ರಿಂದ 0.10 ಪಿಪಿಎಂ ಒಳ್ಳೆಯ ಗುರಿ. ಮೆದು ಹವಳ, ಜೋವಾಂಥಿಡ್, ಮಶ್ರೂಮ್ ಹವಳಗಳಷ್ಟೇ ಇದ್ದರೆ ನೈಟ್ರೇಟ್ 20 ಮುಟ್ಟಿದರೂ ಗಾಬರಿ ಬೇಡ. ಅಕ್ರೊಪೋರಾದಂಥ ಎಸ್‌ಪಿಎಸ್ (ಸಣ್ಣ ಪಾಲಿಪ್‌ಗಳ ಗಟ್ಟಿ) ಹವಳಗಳಿದ್ದರೆ ಈ ಮಿತಿಯ ಕೆಳಗಿನ ಅರ್ಧದಲ್ಲಿ, ಆದರೆ ಏರಿಳಿತವಿಲ್ಲದೆ ಇರಿಸಿ.

ನೈಸರ್ಗಿಕ ಹವಳದ ದಿಬ್ಬಗಳ ನೀರಿನಲ್ಲಿ ಈ ಎರಡೂ ಇದಕ್ಕಿಂತ ಬಹಳ ಕಡಿಮೆ. ಹಾಗಿರುವಾಗ ನಾವೇಕೆ ಸೊನ್ನೆಯ ಹತ್ತಿರ ಹೋಗಬಾರದು? ಸಮುದ್ರದಲ್ಲಿ ಹವಳದ ಮೇಲೆ ಹಗಲಿರುಳು ಪ್ಲ್ಯಾಂಕ್ಟನ್ ತುಂಬಿದ ನೀರು ಹರಿಯುತ್ತಿರುತ್ತದೆ, ಕರಗಿದ ಪೋಷಕಾಂಶ ಕಡಿಮೆಯಿದ್ದರೂ ಸರಬರಾಜು ನಿಲ್ಲುವುದಿಲ್ಲ. ತೊಟ್ಟಿಯಲ್ಲಿ ಆ ತಿನಿಸು ಇಲ್ಲ. ಇಲ್ಲಿ ಸೊನ್ನೆ ಎಂದರೆ ನಿಜವಾದ ಹಸಿವು.

ಎರಡರ ನಡುವಿನ ಸಮತೋಲವೂ ಲೆಕ್ಕಕ್ಕೆ ಬರುತ್ತದೆ. ನೈಟ್ರೇಟ್ ಧಾರಾಳವಾಗಿದ್ದು ಫಾಸ್ಫೇಟ್ ಸೊನ್ನೆಯಾದ ಸ್ಥಿತಿಯಲ್ಲಿ ಹವಳಗಳು ಬೆಳಕು ಮತ್ತು ಬಿಸಿಯ ಒತ್ತಡಕ್ಕೆ ಬೇಗ ಬಿಳಿಚಿಕೊಳ್ಳುತ್ತವೆ ಎಂಬುದನ್ನು ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರ 2013ರ ಅಧ್ಯಯನ ತೋರಿಸಿತು. ಹಾಗೆಂದು ಯಾವುದೋ ಒಂದು ಅನುಪಾತವನ್ನು ದಶಮಾಂಶದವರೆಗೆ ಬೆನ್ನಟ್ಟುವ ಅಗತ್ಯವಿಲ್ಲ. ಸಾಗರದ ಪ್ಲ್ಯಾಂಕ್ಟನ್‌ನಲ್ಲಿ ಸಾರಜನಕ ಮತ್ತು ರಂಜಕ 16ಕ್ಕೆ 1ರಂತೆ ಇರುತ್ತವೆ ಎಂಬ ರೆಡ್‌ಫೀಲ್ಡ್ ಅನುಪಾತ ಪರಮಾಣುಗಳ ಎಣಿಕೆ, ತೊಟ್ಟಿಯ ನೀರಿಗೆ ಬರೆದ ನಿಯಮವಲ್ಲ. ಎರಡೂ ಅಳತೆಗೆ ಸಿಗುವಷ್ಟು ಇರಲಿ, ಎರಡೂ ಮಿತಿಯೊಳಗಿರಲಿ. ಅಷ್ಟು ಸಾಕು.

ಮೊದಲ ಹಂತ: ನಿಜವಾದ ನೀರು ಎಷ್ಟಿದೆ?

ಗಾಜಿನ ತೊಟ್ಟಿಯ ಮೇಲೆ 60 ಲೀಟರ್ ಎಂದು ಬರೆದಿದ್ದರೆ ಒಳಗಿರುವುದು 60 ಲೀಟರ್ ನೀರಲ್ಲ. ಒಳಗಿನ ಉದ್ದ, ಅಗಲ ಮತ್ತು ನೀರಿನ ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, 1000ದಿಂದ ಭಾಗಿಸಿ. ಬಂಡೆ ಮತ್ತು ಮರಳಿಗಾಗಿ ಶೇ 15ರಿಂದ 20 ಕಳೆಯಿರಿ. ಹಿಂಬದಿಯ ಫಿಲ್ಟರ್ ಕೋಣೆ ಅಥವಾ ಸಂಪ್ (ಕೆಳಗಿಡುವ ಫಿಲ್ಟರ್ ತೊಟ್ಟಿ) ಇದ್ದರೆ ಅದರ ನೀರು ಸೇರಿಸಿ. ಹೊಸದಾಗಿ ತುಂಬುತ್ತಿದ್ದರೆ ಇನ್ನೂ ಸುಲಭ, ಬಕೆಟ್ ಎಣಿಸಿ ಬರೆದಿಟ್ಟುಕೊಳ್ಳಿ. ಮುಂದೆ ಯಾವುದೇ ದ್ರಾವಣ ಹಾಕುವಾಗ ಈ ಅಂಕಿಯೇ ಆಧಾರ. ಇಲ್ಲಿ ಶೇ 20 ತಪ್ಪಿದರೆ ಅಲ್ಲೂ ಶೇ 20 ತಪ್ಪುತ್ತದೆ.

ಎರಡನೇ ಹಂತ: ನಂಬುವಂತೆ ಅಳೆಯುವುದು

ನೈಟ್ರೇಟ್‌ಗೆ ಸಾಲಿಫರ್ಟ್, ರೆಡ್ ಸೀ ಮುಂತಾದ ಬಣ್ಣ ಹೋಲಿಸುವ ಕಿಟ್‌ಗಳು ಸಾಕು. 3 ಮತ್ತು 5ರ ನಡುವೆ ಗೊಂದಲವಾದರೂ 5 ಮತ್ತು 20ರ ನಡುವೆ ಆಗುವುದಿಲ್ಲ. ಫಾಸ್ಫೇಟ್ ಮಾತ್ರ ಕಣ್ಣಿಗೆ ಬಿಡಬೇಡಿ. 0.03 ಮತ್ತು 0.08ರ ನೀಲಿ ಛಾಯೆಗಳನ್ನು ಬರಿಗಣ್ಣಿನಿಂದ ಬೇರ್ಪಡಿಸುವುದು ಬಹಳ ಕಷ್ಟ, ನಮಗೆ ಬೇಕಾದ ಇಡೀ ಮಿತಿ ಇರುವುದೇ ಅಲ್ಲಿ. ಹನ್ನಾ ಕಂಪನಿಯ ಎಚ್‌ಐ774 ಅಥವಾ ಎಚ್‌ಐ736ರಂಥ ಕಿಸೆ ಗಾತ್ರದ ಡಿಜಿಟಲ್ ಮಾಪಕ ಈ ಕೆಲಸಕ್ಕೆ ಸೂಕ್ತ. ಎಚ್‌ಐ736 ಫಾಸ್ಫೇಟ್ ಬದಲು ರಂಜಕವನ್ನು ಪಿಪಿಬಿಯಲ್ಲಿ (ಪಿಪಿಎಂನ ಸಾವಿರದ ಒಂದು ಪಾಲು) ತೋರಿಸುತ್ತದೆ. ಅದನ್ನು 3.066ರಿಂದ ಗುಣಿಸಿ 1000ದಿಂದ ಭಾಗಿಸಿದರೆ ಫಾಸ್ಫೇಟ್ ಪಿಪಿಎಂ ಸಿಗುತ್ತದೆ: 20 ಪಿಪಿಬಿ ಎಂದರೆ 0.06 ಪಿಪಿಎಂ. ಹಾಗೆಯೇ ಕೆಲವು ನೈಟ್ರೇಟ್ ಕಿಟ್‌ಗಳು ನೈಟ್ರೇಟ್ ರೂಪದ ಸಾರಜನಕವನ್ನಷ್ಟೇ ತೋರಿಸುತ್ತವೆ. ಆಗ 4.43ರಿಂದ ಗುಣಿಸಬೇಕು. ಕಿಟ್‌ನ ಕಾಗದ ಓದದೆ ಈ ಎರಡು ರೂಪಗಳನ್ನು ಬೆರೆಸಿಕೊಂಡರೆ ಮುಂದಿನ ಲೆಕ್ಕವೆಲ್ಲ ಅಡಿಮೇಲಾಗುತ್ತದೆ.

ಡಿಜಿಟಲ್ ಮಾಪಕದಲ್ಲೂ ದೋಷ ಬರುತ್ತದೆ, ಅದರ ಕಾರಣಗಳು ಸಾಮಾನ್ಯವಾಗಿ ಇವೇ: ಗಾಜಿನ ಕುಪ್ಪಿಯ ಮೇಲೆ ಬೆರಳಚ್ಚು, ಒಳಗೋಡೆಗೆ ಅಂಟಿದ ಗಾಳಿಗುಳ್ಳೆ, ಪೂರ್ತಿ ಕರಗದ ಪುಡಿ, ಪೊಟ್ಟಣದಲ್ಲೇ ಉಳಿದ ಪುಡಿ. ಪುಡಿ ಹಾಕುವ ಮುಂಚಿನ ಶೂನ್ಯ ಓದಿಗೂ ನಿಜವಾದ ಓದಿಗೂ ಒಂದೇ ಕುಪ್ಪಿಯನ್ನು, ಒಂದೇ ಮುಖ ಮಾಪಕದ ಕಡೆಗಿರುವಂತೆ ಇಡಿ. ಪುಡಿ ಹಾಕಿದ ಮೇಲೆ ನಿಧಾನವಾಗಿ ಎರಡು ನಿಮಿಷ ಉರುಳಿಸಿ, ಜೋರಾಗಿ ಕುಲುಕಬೇಡಿ. ಮೈಕ್ರೋಫೈಬರ್ ಬಟ್ಟೆಯಿಂದ ಹೊರಮೈ ಒರೆಸಿ. ಇಷ್ಟೆಲ್ಲ ಮಾಡಿದ ಮೇಲೂ 0.02 ಪಿಪಿಎಂನಷ್ಟು ಆಚೀಚೆ ಇರುತ್ತದೆ, ಹಾಗಾಗಿ ನಿನ್ನೆ 0.05 ಇದ್ದದ್ದು ಇವತ್ತು 0.04 ಆಯಿತೆಂದು ಏನನ್ನೂ ಬದಲಿಸಬೇಡಿ.

ನೈಟ್ರೈಟ್ (ನೈಟ್ರೇಟ್ ಆಗುವ ಮುಂಚಿನ ರೂಪ) ಇರುವ ಹೊಸ ತೊಟ್ಟಿಯಲ್ಲಿ ನೈಟ್ರೇಟ್ ಕಿಟ್ ತೋರಿಸುವ ಅಂಕಿಗೆ ಬೆಲೆ ಕೊಡಬೇಡಿ. ಈ ಕಿಟ್‌ಗಳು ನೈಟ್ರೇಟನ್ನು ನೈಟ್ರೈಟ್ ಆಗಿ ಬದಲಿಸಿ ಅಳೆಯುವುದರಿಂದ, ನೀರಿನಲ್ಲಿ ಮೊದಲೇ ಇರುವ ಚೂರು ನೈಟ್ರೈಟ್ ಕೂಡ ಬಹಳ ನೈಟ್ರೇಟ್ ಇದ್ದಂತೆ ಕಾಣಿಸುತ್ತದೆ.

ಮೂರನೇ ಹಂತ: ವಾರದ ಏರಿಕೆ ಕಂಡುಹಿಡಿಯಿರಿ

ನೀರು ಬದಲಿಸಿದ ಮರುದಿನ, ಆಹಾರ ಹಾಕುವ ಮುಂಚೆ ಎರಡನ್ನೂ ಅಳೆದು ಬರೆಯಿರಿ. ಮುಂದಿನ ನೀರು ಬದಲಾವಣೆಗೆ ಸ್ವಲ್ಪ ಮುಂಚೆ, ದಿನದ ಅದೇ ಹೊತ್ತಿಗೆ ಮತ್ತೆ ಅಳೆಯಿರಿ. ವ್ಯತ್ಯಾಸವನ್ನು ನಡುವಿನ ದಿನಗಳಿಂದ ಭಾಗಿಸಿ 7ರಿಂದ ಗುಣಿಸಿದರೆ ಅದೇ ವಾರದ ಏರಿಕೆ. ಮೂರು ವಾರ ಹೀಗೆ ಮಾಡಿ ಸರಾಸರಿ ತೆಗೆಯಿರಿ. ಆ ಮೂರು ವಾರ ಹೊಸ ಮೀನು, ಹೊಸ ಆಹಾರ, ಹೊಸ ಫಿಲ್ಟರ್ ಮಾಧ್ಯಮ ಯಾವುದೂ ಬೇಡ. ಇಲ್ಲಿ ತಾಳ್ಮೆ ಕಳೆದುಕೊಳ್ಳುವವರೇ ಹೆಚ್ಚು, ಆದರೆ ಉಳಿದ ಎಲ್ಲ ತೀರ್ಮಾನಗಳೂ ನಿಲ್ಲುವುದು ಈ ಒಂದು ಅಂಕಿಯ ಮೇಲೆ.

ಜೊತೆಗೆ ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಪಾಲು), ಅಂದರೆ ಸಾಪೇಕ್ಷ ಸಾಂದ್ರತೆ ಸುಮಾರು 1.026ರ ಹತ್ತಿರ ಸ್ಥಿರವಾಗಿದೆಯೇ ಎಂದೂ ನೋಡಿ. ಆವಿಯಾದ ನೀರಿನ ಜಾಗಕ್ಕೆ ಸಿಹಿನೀರು ತುಂಬದಿದ್ದರೆ ಎಲ್ಲ ಅಂಕಿಗಳೂ ಸುಮ್ಮನೆ ಏರಿದಂತೆ ಕಾಣುತ್ತವೆ.

ಒಳಬರುವುದು: ಆಹಾರ ಮತ್ತು ನೀರು

ತೊಟ್ಟಿಗೆ ಬರುವ ನೈಟ್ರೇಟ್, ಫಾಸ್ಫೇಟ್‌ನ ಬಹುಪಾಲು ಆಹಾರದಿಂದಲೇ. ಎಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಶೇ 45 ಪ್ರೋಟೀನ್ ಇರುವ 1 ಗ್ರಾಂ ಒಣ ಗುಳಿಗೆ ಆಹಾರದಲ್ಲಿ ಸುಮಾರು 72 ಮಿಲಿಗ್ರಾಂ ಸಾರಜನಕವಿರುತ್ತದೆ. ಅದೆಲ್ಲ ನೈಟ್ರೇಟ್ ಆದರೆ 319 ಮಿಲಿಗ್ರಾಂ, ಅಂದರೆ 50 ಲೀಟರ್ ನೀರಿನಲ್ಲಿ 6.4 ಪಿಪಿಎಂ. ಅದೇ ಆಹಾರದಲ್ಲಿ ರಂಜಕ ಶೇ 1 ಇದ್ದರೆ ಫಾಸ್ಫೇಟ್ 0.6 ಪಿಪಿಎಂ. ದಿನಕ್ಕೆ 0.1 ಗ್ರಾಂನ ಚಿಟಿಕೆ ಹಾಕಿದರೂ ವಾರದಲ್ಲಿ 4.5 ಪಿಪಿಎಂ ನೈಟ್ರೇಟ್ ಮತ್ತು 0.4 ಪಿಪಿಎಂ ಫಾಸ್ಫೇಟ್‌ಗೆ ಸಾಕಾಗುವಷ್ಟು ಸರಕು ಒಳಗೆ ಬಂದಂತಾಯಿತು. ಇದರಲ್ಲಿ ಒಂದು ಭಾಗ ಮೀನಿನ ಮೈಗೆ, ಹವಳಕ್ಕೆ, ಪಾಚಿಗೆ, ಬ್ಯಾಕ್ಟೀರಿಯಾಕ್ಕೆ ಹೋಗುತ್ತದೆ. ಒಂದಷ್ಟನ್ನು ಫಿಲ್ಟರ್ ಹಿಡಿಯುತ್ತದೆ. ಮಿಕ್ಕಿದ್ದು ನೀರಿಗೆ. ಗುರಿಯ ಮಿತಿಗೆ ಹೋಲಿಸಿದರೆ ನೈಟ್ರೇಟ್‌ಗಿಂತ ಫಾಸ್ಫೇಟ್ ಎಷ್ಟು ಬೇಗ ಗಡಿ ದಾಟುತ್ತದೆ ಎಂಬುದು ಈ ಲೆಕ್ಕದಲ್ಲೇ ಕಾಣುತ್ತದೆ.

ಹಾಗಾಗಿ ಮಿಲಿಗ್ರಾಂ ತೂಗುವ ಚಿಕ್ಕ ತಕ್ಕಡಿಯಲ್ಲಿ ನಿಮ್ಮ ಒಂದು ಚಿಟಿಕೆ ಎಷ್ಟು ಎಂದು ಒಮ್ಮೆ ತೂಗಿ ನೋಡಿ. 50 ಲೀಟರಿಗೆ ಎರಡು ಪುಟ್ಟ ಮೀನು ಸಾಕು. ಒಂದು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನೇ, ಪಂಪ್ ನಿಲ್ಲಿಸಿ, ಸ್ವಲ್ಪ ಸ್ವಲ್ಪವಾಗಿ ಕೊಡಿ. ಪಂಪ್ ಮತ್ತೆ ಹಾಕಲು ಮರೆಯದಂತೆ ಟೈಮರ್ ಇಡಿ. ಹೆಪ್ಪುಗಟ್ಟಿದ ಆಹಾರವನ್ನು ಕರಗಿಸಿ ಆ ರಸ ಚೆಲ್ಲುವುದು ಒಳ್ಳೆಯದೇ, ಆದರೆ ಅದರಿಂದ ಫಾಸ್ಫೇಟ್ ಸಮಸ್ಯೆ ಬಗೆಹರಿಯುತ್ತದೆ ಎಂದುಕೊಳ್ಳಬೇಡಿ: ರಂಜಕದ ದೊಡ್ಡ ಪಾಲು ಇರುವುದು ಸೀಗಡಿಯ ಮೈಯಲ್ಲೇ ಹೊರತು ರಸದಲ್ಲಲ್ಲ. ಎಲ್‌ಪಿಎಸ್ (ದೊಡ್ಡ ಪಾಲಿಪ್‌ಗಳ ಗಟ್ಟಿ) ಹವಳಗಳಿಗೆ ತುಣುಕು ತಿನ್ನಿಸುವುದಾದರೆ ವಾರಕ್ಕೆ ಒಂದೆರಡು ಬಾರಿ ಸಾಕು. ಅರ್ಧ ಗಂಟೆಯಲ್ಲಿ ನುಂಗದ ತುಣುಕನ್ನು ತೆಗೆದುಬಿಡಿ.

ಮೀನುಗಳನ್ನು ಉಪವಾಸ ಕೆಡವಿ ಅಂಕಿ ಇಳಿಸುವುದು ಮಾತ್ರ ಬೇಡವೇ ಬೇಡ. ಚೆನ್ನಾಗಿ ತಿಂದ ಮೀನು, ಚೆನ್ನಾಗಿ ಹೊರಹೋಗುವ ಕಸ, ಇವೆರಡೂ ಒಟ್ಟಿಗೆ ಇರುವ ತೊಟ್ಟಿಯಲ್ಲೇ ಹವಳಗಳು ಮೈದುಂಬಿ ಬೆಳೆಯುತ್ತವೆ.

ಇನ್ನು ನೀರು. ಉಪ್ಪು ಬೆರೆಸಲೂ ಆವಿಯಾದದ್ದನ್ನು ತುಂಬಲೂ ಆರ್‌ಓ-ಡಿಐ (ಆರ್‌ಓ ನಂತರ ರಾಳದಿಂದ ಅಯಾನುಗಳನ್ನೂ ತೆಗೆದ) ನೀರೇ ಬೇಕು, ಟಿಡಿಎಸ್ (ಕರಗಿದ ಘನವಸ್ತುಗಳ ಅಳತೆ) ಸೊನ್ನೆ ಇರಬೇಕು. ಡಿಐ ರಾಳ ಸವೆದು ಟಿಡಿಎಸ್ 2, 3 ಎಂದು ಏರತೊಡಗಿದರೆ ಸಿಲಿಕೇಟ್, ನೈಟ್ರೇಟ್ ನುಸುಳಲು ಶುರುವಾಗಿದೆ ಎಂದೇ ಅರ್ಥ, ರಾಳ ಬದಲಿಸಿ. ಹೊಸದಾಗಿ ಬೆರೆಸಿದ ಉಪ್ಪುನೀರಿನ ಫಾಸ್ಫೇಟನ್ನೂ ಒಮ್ಮೆ ಅಳೆದುಬಿಡಿ.

ಕಸ ಕೊಳೆಯುವ ಮುಂಚೆ ಹೊರಹಾಕುವುದು

ಕಸ ಹಿಡಿಯುವ ಹತ್ತಿಯಂಥ ಫಿಲ್ಟರ್ ಫ್ಲಾಸ್ ಪುಟ್ಟ ತೊಟ್ಟಿಯ ಅತ್ಯಂತ ಅಗ್ಗದ, ಅತ್ಯಂತ ಪರಿಣಾಮಕಾರಿ ಸಾಧನ, ಆದರೆ ಎರಡು ಮೂರು ದಿನಕ್ಕೊಮ್ಮೆ ಬದಲಿಸಿದರೆ ಮಾತ್ರ. ಅದು ಹಿಡಿದ ಕಸ ಇನ್ನೂ ತೊಟ್ಟಿಯ ನೀರಿನಲ್ಲೇ ಇರುತ್ತದೆ. ವಾರಗಟ್ಟಲೆ ಬಿಟ್ಟರೆ ಅಲ್ಲೇ ಕೊಳೆತು ನೀರಿಗೆ ಮರಳುತ್ತದೆ. ಬ್ಯಾಕ್ಟೀರಿಯಾ ನೆಲೆಸಲೆಂದು ಫಿಲ್ಟರ್‌ನಲ್ಲಿಡುವ ಸೆರಾಮಿಕ್ ಉಂಗುರ, ಬಯೋಬಾಲ್‌ಗಳನ್ನು ನೈಟ್ರೇಟ್ ಕಾರ್ಖಾನೆ ಎಂದು ದೂರುವುದುಂಟು. ತಪ್ಪು ಅವುಗಳದ್ದಲ್ಲ, ಅವುಗಳ ಸಂದಿಯಲ್ಲಿ ಕೂತ ಕಸದ್ದು. ತಿಂಗಳಿಗೊಮ್ಮೆ ತೊಟ್ಟಿಯಿಂದ ತೆಗೆದ ಉಪ್ಪುನೀರಿನಲ್ಲೇ ಅವನ್ನು ಜಾಲಿಸಿ.

ವಾರಕ್ಕೊಮ್ಮೆ ನೀರು ಬದಲಿಸುವ ಮುನ್ನ ರಬ್ಬರ್ ಬಲ್ಬ್ ಇರುವ ದೊಡ್ಡ ಪಿಪೆಟ್‌ನಿಂದ ಬಂಡೆಗಳ ಸಂದಿಗೆ ನೀರು ಊದಿ. ಎದ್ದ ಕಸ ತೇಲುತ್ತಿರುವಾಗಲೇ ಸೈಫನ್ ಪೈಪಿನಿಂದ ಎಳೆಯಿರಿ. ಮರಳನ್ನು ಒಂದು ಬಾರಿಗೆ ಮೂರನೇ ಒಂದು ಭಾಗದಷ್ಟೇ ತೊಳೆಯಿರಿ. ವರ್ಷಗಟ್ಟಲೆ ಮುಟ್ಟದ ದಪ್ಪ ಮರಳನ್ನು ಒಮ್ಮೆಲೇ ಕಲಕಿದರೆ ಆಮ್ಲಜನಕವಿಲ್ಲದ ಪದರದಿಂದ ಹೈಡ್ರೋಜನ್ ಸಲ್ಫೈಡ್ ಹೊರಬಂದು ಜೀವಿಗಳು ಸಾಯಬಹುದು.

ಗಾಳಿಗುಳ್ಳೆಗಳಿಂದ ನೊರೆ ಎಬ್ಬಿಸುವ ಸ್ಕಿಮ್ಮರ್ ನೈಟ್ರೇಟನ್ನಾಗಲಿ ಫಾಸ್ಫೇಟನ್ನಾಗಲಿ ನೇರವಾಗಿ ತೆಗೆಯುವುದಿಲ್ಲ. ಅವಾಗುವ ಮುಂಚಿನ ಸಾವಯವ ಕಸವನ್ನು ನೊರೆಯಲ್ಲಿ ಎತ್ತುತ್ತದೆ, ನೀರಿಗೆ ಆಮ್ಲಜನಕವನ್ನೂ ಕೊಡುತ್ತದೆ. 50 ಲೀಟರಿಗೆ ಅದು ಇಲ್ಲದೆಯೂ ನಡೆಯುತ್ತದೆ. ಆಕ್ಟಿವೇಟೆಡ್ ಕಾರ್ಬನ್ ನೀರಿನ ಹಳದಿ ಛಾಯೆ ತೆಗೆಯುತ್ತದೆ, ಈ ಎರಡು ಪೋಷಕಾಂಶಗಳ ಮೇಲೆ ಅದರ ನೇರ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ.

ನೀರು ಬದಲಾವಣೆಯ ಗಣಿತ

ಪುಟ್ಟ ತೊಟ್ಟಿಯ ದೊಡ್ಡ ಅನುಕೂಲ ಎಂದರೆ 10, 15 ಲೀಟರ್ ನೀರು ಬದಲಿಸಿದರೂ ಅದು ದೊಡ್ಡ ಪಾಲು. ಆದರೆ ವಾರಕ್ಕೆ ಶೇ 10 ಬದಲಿಸಿದರೆ ಸಾಕು ಎಂಬ ಮಾತನ್ನು ಲೆಕ್ಕ ಹಾಕದೆ ಒಪ್ಪಬಾರದು.

ನಿಯಮ ಇಷ್ಟೇ: ವಾರದ ಏರಿಕೆಯನ್ನು ವಾರಕ್ಕೆ ಬದಲಿಸುವ ಪಾಲಿನಿಂದ ಭಾಗಿಸಿ. ಕೊನೆಗೆ ಅಂಕಿ ಹೋಗಿ ನಿಲ್ಲುವುದು ಅಲ್ಲೇ. ನೈಟ್ರೇಟ್ ವಾರಕ್ಕೆ 3 ಪಿಪಿಎಂ ಏರುತ್ತಿದ್ದು ನೀವು ಶೇ 10 ಬದಲಿಸುತ್ತಿದ್ದರೆ, ಅದು ತಿಂಗಳುಗಳ ನಂತರ 30 ಪಿಪಿಎಂ ಬಳಿ ನಿಲ್ಲುತ್ತದೆ. ಆಗ ಶೇ 10ರ ಬದಲಾವಣೆ ತೆಗೆಯುವುದು ಸರಿಯಾಗಿ 3 ಪಿಪಿಎಂ, ವಾರದಲ್ಲಿ ಸೇರುವುದೂ ಅಷ್ಟೇ. ಶೇ 20 ಬದಲಿಸಿದರೆ 15ರಲ್ಲಿ, ಶೇ 30 ಬದಲಿಸಿದರೆ 10ರಲ್ಲಿ ನಿಲ್ಲುತ್ತದೆ. ಇದು ಬದಲಾವಣೆಗೆ ತುಸು ಮುಂಚಿನ ಅಂಕಿ. ಮೊದಲ ತಿಂಗಳಲ್ಲಿ ಎಲ್ಲ ಚೆನ್ನಾಗಿದ್ದು ಆರನೇ ತಿಂಗಳಲ್ಲಿ ಪಾಚಿ ಏಕೆ ಬಂತು ಎಂಬ ಪ್ರಶ್ನೆಗೆ ಎಷ್ಟೋ ಬಾರಿ ಉತ್ತರ ಇಷ್ಟೇ ಆಗಿರುತ್ತದೆ: ಏನೂ ಬದಲಾಗಿಲ್ಲ, ಅಂಕಿ ತನ್ನ ನೆಲೆಯ ಕಡೆಗೆ ನಡೆಯುತ್ತಿತ್ತು.

ಈಗಾಗಲೇ 40 ಪಿಪಿಎಂ ಇದ್ದರೆ? ವಾರಕ್ಕೆ ಶೇ 30ರಂತೆ ನಾಲ್ಕು ವಾರ ಬದಲಿಸಿ. ವಾರಕ್ಕೆ 3ರ ಏರಿಕೆಯನ್ನೂ ಸೇರಿಸಿಕೊಂಡರೆ ಪ್ರತಿ ಬದಲಾವಣೆಯ ನಂತರದ ಅಂಕಿ 28, 22, 17, 14 ಎಂದು ಇಳಿಯುತ್ತದೆ. ಒಂದೇ ದಿನ ಮುಕ್ಕಾಲು ಪಾಲು ನೀರು ಬದಲಿಸಿಯೂ ಇಳಿಸಬಹುದು, ಆದರೆ ಹೆಚ್ಚು ನೈಟ್ರೇಟ್‌ಗೆ ಒಗ್ಗಿದ ಹವಳ ಆ ಹಠಾತ್ ಇಳಿತಕ್ಕೆ ಮೈ ಮುದುಡಿಕೊಳ್ಳುತ್ತದೆ. ಹೊಸ ನೀರಿನ ಉಷ್ಣಾಂಶ ತೊಟ್ಟಿಗಿಂತ 1 ಡಿಗ್ರಿಯೊಳಗೆ, ಉಪ್ಪಿನಂಶ ಸರಿಸಮ, ಕ್ಷಾರೀಯತೆ 1 ಡಿಕೆಎಚ್ (ಕ್ಷಾರೀಯತೆಯ ಮಾನ) ಒಳಗೆ ಹೊಂದಿರಲಿ. ಕೆಲವು ಉಪ್ಪುಗಳನ್ನು ಬೆರೆಸಿದಾಗ 11, 12 ಡಿಕೆಎಚ್ ಬರುತ್ತದೆ. 8ರಲ್ಲಿರುವ ತೊಟ್ಟಿಗೆ ಅದನ್ನು ಶೇ 30 ಸುರಿದರೆ ಪೋಷಕಾಂಶ ಸರಿಮಾಡಲು ಹೋಗಿ ಹವಳದ ತುದಿ ಸುಟ್ಟಂತಾಗುತ್ತದೆ.

ಫಾಸ್ಫೇಟ್: ಬಂಡೆಯೊಳಗಿನ ದಾಸ್ತಾನು

ಮೇಲಿನ ಗಣಿತ ನೈಟ್ರೇಟ್‌ಗೆ ಚೆನ್ನಾಗಿ ಒಪ್ಪುತ್ತದೆ, ಫಾಸ್ಫೇಟ್‌ಗೆ ಒಪ್ಪುವುದಿಲ್ಲ. ಬಂಡೆ, ಮರಳು ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್. ಫಾಸ್ಫೇಟ್ ಅದರ ಮೈಗೆ ಅಂಟಿಕೊಳ್ಳುತ್ತದೆ. ನೀರಿನಲ್ಲಿ ಹೆಚ್ಚಿದ್ದಾಗ ಬಂಡೆ ಹೀರುತ್ತದೆ, ಕಡಿಮೆಯಾದಾಗ ಬಿಡುತ್ತದೆ, ಕೊಟ್ಟದ್ದನ್ನು ಬಡ್ಡಿಯಿಲ್ಲದೆ ಹಿಂತಿರುಗಿಸುವ ಬ್ಯಾಂಕ್ ಖಾತೆಯಂತೆ. ಅದಕ್ಕೇ 0.30 ಇದ್ದ ತೊಟ್ಟಿಯಲ್ಲಿ ಅರ್ಧ ನೀರು ಬದಲಿಸಿ 0.15ಕ್ಕೆ ತಂದರೂ ಎರಡು ದಿನದಲ್ಲಿ 0.25 ಕಾಣಿಸಬಹುದು.

ಬಂಡೆಯಿಂದ ಬರುತ್ತಿದೆಯೋ ಆಹಾರದಿಂದ ಬರುತ್ತಿದೆಯೋ ತಿಳಿಯಲು ನೀರು ಬದಲಿಸಿದ ಒಂದು ಗಂಟೆಗೆ, ನಂತರ 48 ಗಂಟೆಗೆ ಅಳೆಯಿರಿ. ನಿಮ್ಮ ವಾರದ ಏರಿಕೆಯ ಲೆಕ್ಕಕ್ಕಿಂತ ಬಹಳ ವೇಗವಾಗಿ ಮೇಲೆದ್ದು ಆಮೇಲೆ ನಿಧಾನವಾದರೆ ಅದು ಬಂಡೆಯ ದಾಸ್ತಾನು. ಹಾಗಿದ್ದರೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಿಧಾನವಾಗಿ ತೆಗೆಯುತ್ತಾ ಹೋಗುವುದೇ ದಾರಿ.

ಇದಕ್ಕೆ ಹೆಚ್ಚು ಬಳಕೆಯಲ್ಲಿರುವುದು ಜಿಎಫ್‌ಓ, ಅಂದರೆ ಹರಳಿನ ರೂಪದ ಕಬ್ಬಿಣದ ಆಕ್ಸೈಡ್. 50 ಲೀಟರಿಗೆ 5 ಗ್ರಾಂನಿಂದ ಶುರುಮಾಡಿ, ಪೊಟ್ಟಣದ ಮೇಲಿನ ಪ್ರಮಾಣ ಇದಕ್ಕಿಂತ ಹೆಚ್ಚಿದ್ದರೂ ಸರಿ. ಕ್ರಮ ಹೀಗಿದೆ:

1. ಸಣ್ಣ ಕಣ್ಣಿನ ಜಾಲರಿ ಚೀಲಕ್ಕೆ ಹಾಕಿ ಆರ್‌ಓ ನೀರಿನಲ್ಲಿ ಕಂದು ಬಣ್ಣ ಬರುವುದು ನಿಲ್ಲುವವರೆಗೆ ಜಾಲಿಸಿ. ಕೈಯಿಂದ ಉಜ್ಜಬೇಡಿ, ಹರಳು ಪುಡಿಯಾಗುತ್ತದೆ.
2. ಫ್ಲಾಸ್ ದಾಟಿದ ನೀರು ಹರಿಯುವ ಜಾಗದಲ್ಲಿ ಇಡಿ. ಕಸ ಮುತ್ತಿದ ಹರಳು ಕೆಲಸ ಮಾಡುವುದಿಲ್ಲ. ದಿನಕ್ಕೊಮ್ಮೆ ಚೀಲ ಅಲುಗಿಸಿ, ಇಲ್ಲದಿದ್ದರೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.
3. ಮೂರನೇ ದಿನ ಅಳೆಯಿರಿ. ಮೂರು ದಿನಕ್ಕೆ 0.03ಕ್ಕಿಂತ ಹೆಚ್ಚು ಇಳಿದಿದ್ದರೆ ಅರ್ಧದಷ್ಟು ಜಿಎಫ್‌ಓ ತೆಗೆಯಿರಿ.
4. ಇಳಿಯುವುದು ನಿಂತು ಅಂಕಿ ಮತ್ತೆ ಏರತೊಡಗಿದಾಗ ಬದಲಿಸಿ. ಎರಡರಿಂದ ನಾಲ್ಕು ವಾರ ಸಾಮಾನ್ಯ, ದಾಸ್ತಾನು ಹೆಚ್ಚಿರುವ ಬಂಡೆ ಒಂದೇ ವಾರದಲ್ಲಿ ಸವೆಸಬಹುದು.
5. 0.05 ತಲುಪಿದಾಗ ಹೊರತೆಗೆದು ಒಂದು ವಾರ ಕಾಯಿರಿ.

ಪೂರ್ತಿ ಪ್ರಮಾಣ ಒಮ್ಮೆಲೇ ಹಾಕಿದರೆ ಒಂದೇ ರಾತ್ರಿಯಲ್ಲಿ ಫಾಸ್ಫೇಟ್ ಸೊನ್ನೆ ಮುಟ್ಟುತ್ತದೆ. ಪುಟ್ಟ ತೊಟ್ಟಿಯಲ್ಲಿ ಹವಳ ಬುಡದಿಂದ ಚರ್ಮ ಕಳಚುವುದು ಇಂಥ ಹಠಾತ್ ಇಳಿತದ ನಂತರವೇ ಹೆಚ್ಚು. ಅಲ್ಯೂಮಿನಿಯಂ ಆಕ್ಸೈಡ್ ಗುಂಡುಗಳೂ ಇದೇ ಕೆಲಸ ಮಾಡುತ್ತವೆ, ಆದರೆ ಲೆದರ್‌ನಂಥ ಮೆದು ಹವಳಗಳು ಅವುಗಳಿಗೆ ಮುದುಡಿಕೊಳ್ಳುವುದುಂಟು. ಲ್ಯಾಂಥನಮ್ ಕ್ಲೋರೈಡ್ ದ್ರಾವಣ ಪುಟ್ಟ ತೊಟ್ಟಿಗೆ ಬೇಡ: ಅದು ಉಂಟುಮಾಡುವ ಅತಿ ಸೂಕ್ಷ್ಮ ಗಸಿಯನ್ನು ಹಿಡಿಯಲು 5, 10 ಮೈಕ್ರಾನ್ ಫಿಲ್ಟರ್ ಬೇಕು, ಒಂದು ಹನಿ ಹೆಚ್ಚಾದರೂ ಇಳಿತ ಕೈಮೀರುತ್ತದೆ.

ಬೇಕಾದ ಪಾಚಿ ಬೆಳೆಸಿ ಬೇಡದ ಪಾಚಿ ತಡೆಯುವುದು

ಹಿಂಬದಿಯ ಕೋಣೆಯಲ್ಲಿ ಒಂದು ಮುಷ್ಟಿ ಕೀಟೊಮಾರ್ಫಾ ಪಾಚಿ, ಅದಕ್ಕೊಂದು ಚಿಕ್ಕ ಎಲ್‌ಇಡಿ ದೀಪ, ಇಷ್ಟೇ ಬೇಕಾದದ್ದು. ಮುಖ್ಯ ದೀಪ ಆರಿದ ಮೇಲೆ 10ರಿಂದ 12 ಗಂಟೆ ಈ ದೀಪ ಉರಿಸಿದರೆ ರಾತ್ರಿ ಪಿಎಚ್ ಬೀಳುವುದೂ ತಗ್ಗುತ್ತದೆ. ಪಾಚಿ ಉಂಡೆ ನಿಧಾನವಾಗಿ ಉರುಳುವಷ್ಟು ಹರಿವಿದ್ದರೆ ಒಳಗಿನ ಭಾಗ ಕೊಳೆಯುವುದಿಲ್ಲ. ಕೋಣೆ ತುಂಬಿದಾಗ ಮೂರನೇ ಒಂದು ಭಾಗ ಕಿತ್ತು ಹೊರಹಾಕಿ. ಪೋಷಕಾಂಶ ತೊಟ್ಟಿಯಿಂದ ನಿಜವಾಗಿ ಹೊರಹೋಗುವುದು ಆ ಕ್ಷಣದಲ್ಲಿ ಮಾತ್ರ. ಕೀಳದೆ ಬಿಟ್ಟ ಪಾಚಿ ಬೆಳವಣಿಗೆ ನಿಲ್ಲಿಸಿ, ಸತ್ತ ಭಾಗದಿಂದ ಎಲ್ಲವನ್ನೂ ವಾಪಸು ಕೊಡುತ್ತದೆ.

ಪಾಚಿ ಫಾಸ್ಫೇಟ್‌ಗಿಂತ ನೈಟ್ರೇಟನ್ನು ಬಹಳ ಹೆಚ್ಚಿನ ಪಾಲಿನಲ್ಲಿ ಎಳೆಯುತ್ತದೆ. ಹಾಗಾಗಿ ನೈಟ್ರೇಟ್ ಸೊನ್ನೆಗೆ ಬಂದು ಫಾಸ್ಫೇಟ್ ಉಳಿದುಬಿಟ್ಟರೆ ಕೀಟೊ ಬಿಳಿಚಿ ಪುಡಿಯಾಗತೊಡಗುತ್ತದೆ. ಅಂಥ ತೊಟ್ಟಿಗೆ ದೀಪದ ಗಂಟೆ ತಗ್ಗಿಸಿ, ಸ್ವಲ್ಪ ಜಿಎಫ್‌ಓ ಜೊತೆಗಿಡಿ. ಕೌಲರ್ಪಾ ಜಾತಿಯ ಪಾಚಿ ನೋಡಲು ಚೆಂದ, ಆದರೆ ಅದು ಲಿಂಗಾಣು ಬಿಡುವ ಹಂತಕ್ಕೆ ಬಂದರೆ ಒಂದೇ ದಿನದಲ್ಲಿ ಕರಗಿ ನೀರು ಹಾಲಾಗುತ್ತದೆ. ಕೀಟೊವೇ ಲೇಸು.

ವಿನೆಗರ್ ಹನಿ: ಸ್ಕಿಮ್ಮರ್ ಇದ್ದವರಿಗೆ ಮಾತ್ರ

ಇಂಗಾಲದ ಮೂಲವೊಂದನ್ನು ಕೊಟ್ಟರೆ ಬ್ಯಾಕ್ಟೀರಿಯಾ ಹೆಚ್ಚಿ, ಬೆಳೆಯುವಾಗ ನೈಟ್ರೇಟ್ ಮತ್ತು ಒಂದಿಷ್ಟು ಫಾಸ್ಫೇಟ್ ಹಿಡಿದುಕೊಳ್ಳುತ್ತವೆ. ಸ್ಕಿಮ್ಮರ್ ಅವನ್ನು ಎತ್ತಿ ಹೊರಹಾಕುತ್ತದೆ. ಸ್ಕಿಮ್ಮರ್ ಇಲ್ಲದಿದ್ದರೆ ಬ್ಯಾಕ್ಟೀರಿಯಾ ಒಳಗೇ ಉಳಿದು ಆಮ್ಲಜನಕ ತಿನ್ನುತ್ತವೆ, ಹಾಗಾಗಿ ಅಂಥ ತೊಟ್ಟಿಗೆ ಈ ದಾರಿ ಬೇಡ.

ಬಣ್ಣ, ಸುವಾಸನೆ ಇಲ್ಲದ ಶೇ 5ರ ಬಿಳಿ ವಿನೆಗರ್ ತೆಗೆದುಕೊಳ್ಳಿ. 50 ಲೀಟರಿಗೆ ದಿನಕ್ಕೆ 0.5 ಮಿ.ಲೀ., ದೀಪ ಹತ್ತಿದ ಮೇಲೆ, ಹರಿವು ಜೋರಾಗಿರುವಲ್ಲಿ ಹನಿಹನಿಯಾಗಿ ಬಿಡಿ. ವಾರಕ್ಕೊಮ್ಮೆ 0.5 ಮಿ.ಲೀ. ಮಾತ್ರ ಏರಿಸಿ. ನೈಟ್ರೇಟ್ ಇಳಿಯತೊಡಗಿದ ಪ್ರಮಾಣದಲ್ಲೇ ನಿಲ್ಲಿ, ಗುರಿ ಮುಟ್ಟಿದ ಮೇಲೆ ಅರ್ಧಕ್ಕೆ ತಗ್ಗಿಸಿ. ಕೆಲವರು ವೋಡ್ಕಾ ಬಳಸುತ್ತಾರೆ. ಅದರಲ್ಲಿ ಮಿ.ಲೀ.ಗೆ ಇಂಗಾಲ ಸುಮಾರು 8 ಪಟ್ಟು, ಆದ್ದರಿಂದ ಒಂದರ ಪ್ರಮಾಣವನ್ನು ಇನ್ನೊಂದಕ್ಕೆ ಬಳಸಿದರೆ ಅನಾಹುತ. ಸಕ್ಕರೆ ಬೇಡ.

ನೀರು ಮಬ್ಬಾದರೆ ಬ್ಯಾಕ್ಟೀರಿಯಾ ಮಿತಿಮೀರಿವೆ: ಕೂಡಲೇ ನಿಲ್ಲಿಸಿ, ಗಾಳಿ ಪಂಪ್ ಹಾಕಿ. ಗಾಜಿನ ಮೇಲೆ ಬಿಳಿ ಎಳೆಗಳು ಕಂಡರೆ ಪ್ರಮಾಣ ಹೆಚ್ಚಾಗಿದೆ. ಫಾಸ್ಫೇಟ್ ಸೊನ್ನೆಯಿದ್ದರೆ ಬ್ಯಾಕ್ಟೀರಿಯಾ ಬೆಳೆಯಲಾರವು, ನೈಟ್ರೇಟ್ ಕದಲುವುದಿಲ್ಲ, ಹಾಗಾಗಿ ಜಿಎಫ್‌ಓ ಮತ್ತು ವಿನೆಗರ್ ಎರಡನ್ನೂ ಒಟ್ಟಿಗೆ ಜೋರಾಗಿ ಓಡಿಸಬೇಡಿ. ಈ ಅವಧಿಯಲ್ಲಿ ಕ್ಷಾರೀಯತೆ 7.5ರಿಂದ 8.5 ಡಿಕೆಎಚ್ ಒಳಗಿರಲಿ. ಪೋಷಕಾಂಶ ಕಡಿಮೆ, ಕ್ಷಾರೀಯತೆ ಹೆಚ್ಚು ಎಂಬ ಜೋಡಿಯಲ್ಲೇ ಎಸ್‌ಪಿಎಸ್ ತುದಿಗಳು ಸುಡುವುದು.

ಅಂಕಿ ಸೊನ್ನೆಗೆ ಇಳಿದುಬಿಟ್ಟರೆ

ಇದನ್ನು ತುರ್ತು ಎಂದೇ ಪರಿಗಣಿಸಿ. ಮೊದಲು ಜಿಎಫ್‌ಓ, ವಿನೆಗರ್ ನಿಲ್ಲಿಸಿ, ಕೀಟೊ ದೀಪದ ಅವಧಿ ಅರ್ಧ ಮಾಡಿ, ಆಹಾರ ತುಸು ಹೆಚ್ಚಿಸಿ. ಒಂದು ವಾರದಲ್ಲೂ ಅಂಕಿ ಮೇಲೇಳದಿದ್ದರೆ ನೇರವಾಗಿ ಸೇರಿಸಿ.

ನೈಟ್ರೇಟ್‌ಗೆ: ಆಹಾರ ದರ್ಜೆಯ ಸೋಡಿಯಂ ನೈಟ್ರೇಟ್ 6.9 ಗ್ರಾಂ ತೂಗಿ, ಆರ್‌ಓ-ಡಿಐ ನೀರಿನಲ್ಲಿ ಕರಗಿಸಿ ಒಟ್ಟು 500 ಮಿ.ಲೀ. ಮಾಡಿ. ಇದರ 1 ಮಿ.ಲೀ.ನಲ್ಲಿ 10 ಮಿಲಿಗ್ರಾಂ ನೈಟ್ರೇಟ್ ಇರುತ್ತದೆ, 5 ಮಿ.ಲೀ. ಹಾಕಿದರೆ 50 ಲೀಟರಿನಲ್ಲಿ 1 ಪಿಪಿಎಂ ಏರುತ್ತದೆ. ದಿನಕ್ಕೆ 1 ಪಿಪಿಎಂ ಮೀರಬೇಡಿ.

ಫಾಸ್ಫೇಟ್‌ಗೆ: ಮೊನೊಪೊಟ್ಯಾಸಿಯಂ ಫಾಸ್ಫೇಟ್ 0.72 ಗ್ರಾಂ, ಹಾಗೆಯೇ 500 ಮಿ.ಲೀ. ದ್ರಾವಣ. 1 ಮಿ.ಲೀ.ನಲ್ಲಿ 1 ಮಿಲಿಗ್ರಾಂ ಫಾಸ್ಫೇಟ್, ಅಂದರೆ 50 ಲೀಟರಿನಲ್ಲಿ 0.02 ಪಿಪಿಎಂ. ದಿನಕ್ಕೆ 0.5ರಿಂದ 1 ಮಿ.ಲೀ. ಸಾಕು. ಮೊದಲ ಕೆಲವು ದಿನ ಕಿಟ್‌ನಲ್ಲಿ ಏನೂ ಕಾಣದಿರಬಹುದು, ಬರಿದಾದ ಬಂಡೆ ಮೊದಲು ತನ್ನ ಪಾಲು ತೆಗೆದುಕೊಳ್ಳುತ್ತದೆ. ಆತುರಪಟ್ಟು ದುಪ್ಪಟ್ಟು ಹಾಕಬೇಡಿ.

ಎರಡೂ ಬಾಟಲಿಗಳ ಮೇಲೆ ಹೆಸರು, ಪ್ರಮಾಣ ಬರೆದಂಟಿಸಿ, ಮಕ್ಕಳ ಕೈಗೆ ಸಿಗದಂತಿಡಿ. ಸೋಡಿಯಂ ನೈಟ್ರೇಟ್ ಪುಡಿ ಉರಿಯನ್ನು ಭುಗಿಲೆಬ್ಬಿಸುವ ವಸ್ತು, ಬೆಂಕಿಯ ಹತ್ತಿರ ಬೇಡ.

ಡೈನೋಫ್ಲಾಜೆಲೇಟ್ ಈಗಾಗಲೇ ಬಂದಿದ್ದರೆ, ಗುಳ್ಳೆ ಸಿಕ್ಕಿಕೊಂಡ ಕಂದು ಎಳೆಗಳು ಹಗಲು ದಟ್ಟವಾಗಿ ರಾತ್ರಿ ತೆಳುವಾಗುತ್ತವೆ, ಕೆಲವೊಮ್ಮೆ ಬಸವನಹುಳುಗಳು ಸಾಯುತ್ತವೆ. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.05ರಿಂದ 0.10 ಇರುವಂತೆ ನೋಡಿಕೊಂಡು, ಕೆಲವು ವಾರ ನೀರು ಬದಲಾವಣೆ ನಿಲ್ಲಿಸಿ. ಸಾಧ್ಯವಾದರೆ ಸೂಕ್ಷ್ಮದರ್ಶಕದಲ್ಲಿ ಜಾತಿ ಗುರುತಿಸಿ. ಆಸ್ಟ್ರಿಯಾಪ್ಸಿಸ್ ರಾತ್ರಿ ನೀರಿಗೆ ಏಳುವುದರಿಂದ ಯುವಿ ದೀಪಕ್ಕೆ ಸಿಗುತ್ತದೆ, ಆಂಫಿಡಿನಿಯಂ ಮರಳಿನಲ್ಲೇ ಉಳಿಯುವುದರಿಂದ ಯುವಿ ಅಲ್ಲಿ ಪ್ರಯೋಜನವಿಲ್ಲ.

ಅಂಕಿ ಒಂದು, ಕಣ್ಣಿಗೆ ಕಾಣುವುದು ಇನ್ನೊಂದು

ಕೂದಲು ಪಾಚಿ ತುಂಬಿದೆ, ಕಿಟ್ ಮಾತ್ರ ಸೊನ್ನೆ ತೋರಿಸುತ್ತಿದೆ ಎಂದರೆ ಕಿಟ್ ಕೆಟ್ಟಿದೆ ಎಂದಲ್ಲ. ಬಂದದ್ದನ್ನೆಲ್ಲ ಪಾಚಿ ಆಗಲೇ ನುಂಗುತ್ತಿದೆ. ಇಲ್ಲಿ ಜಿಎಫ್‌ಓ ಸುರಿದರೆ ಹವಳ ಪಾಚಿಗಿಂತ ಮುಂಚೆ ಸೊರಗುತ್ತದೆ. ಕೈಯಿಂದ ಪಾಚಿ ಕಿತ್ತು ತೆಗೆಯಿರಿ, ಬಂಡೆಯನ್ನು ಹೊರಗೆ ತೆಗೆದು ಹಲ್ಲುಜ್ಜುವ ಬ್ರಷ್‌ನಿಂದ ತೊಟ್ಟಿಯ ನೀರಿನಲ್ಲೇ ಉಜ್ಜಿ, ಟ್ರೋಕಸ್ ಬಸವನಹುಳುಗಳನ್ನು ಬಿಡಿ. ಪಾಚಿ ಹೋದ ಮೇಲೆ ಅಂಕಿ ಏರುವುದು ಕಾಣುತ್ತದೆ, ನಿಮ್ಮ ನಿಜವಾದ ವಾರದ ಏರಿಕೆ ಗೊತ್ತಾಗುವುದು ಆಗಲೇ.

ಕೆಂಪು ಪೊರೆಯಂಥ ಸಯನೋಬ್ಯಾಕ್ಟೀರಿಯಾ ಹೆಚ್ಚಾಗಿ ಹರಿವು ಕಡಿಮೆಯಿರುವ, ಕಸ ಕೂರುವ ಮೂಲೆಯಲ್ಲಿ ಶುರುವಾಗುತ್ತದೆ. ನೀರು ತಳ್ಳುವ ಪವರ್‌ಹೆಡ್ ಪಂಪಿನ ದಿಕ್ಕು ಬದಲಿಸಿ, ಪೊರೆಯನ್ನು ಸೈಫನ್‌ನಿಂದ ಎಳೆಯಿರಿ. ಗಂಟೆಗೆ ತೊಟ್ಟಿಯ ನೀರಿನ 20ರಿಂದ 40 ಪಟ್ಟು ಹರಿವು ಪುಟ್ಟ ರೀಫ್‌ಗೆ ಹೊಂದುತ್ತದೆ.

ಮೀನು ಅಥವಾ ದೊಡ್ಡ ಬಸವನಹುಳು ಸತ್ತಾಗ

50 ಲೀಟರಿನಲ್ಲಿ ಒಂದು ಸಾವು ವಾರದ ಲೆಕ್ಕವನ್ನೆಲ್ಲ ಒಂದೇ ದಿನದಲ್ಲಿ ಮೀರುತ್ತದೆ. ಬೆಳಗಿನ ಆಹಾರದ ಹೊತ್ತಿಗೆ ತಲೆ ಎಣಿಸುವುದು ಅದಕ್ಕೇ. ಕಳೇಬರ ಸಿಕ್ಕರೆ ತೆಗೆದು, ಅಮೋನಿಯಾ ಅಳೆಯಿರಿ. ಅಮೋನಿಯಾ ಕಂಡುಬಂದರೆ ಅಂದೇ ಶೇ 30 ನೀರು ಬದಲಿಸಿ, ಹೊಸ ಫ್ಲಾಸ್, ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಎರಡು ದಿನ ಆಹಾರ ಕಡಿಮೆ ಕೊಡಿ, ಮರುದಿನ ಮತ್ತೆ ಅಳೆದು ಬೇಕಿದ್ದರೆ ಇನ್ನೊಮ್ಮೆ ಬದಲಿಸಿ. ಬಂಡೆ ಕೆಳಗೆ ಸಿಕ್ಕಿಹಾಕಿಕೊಂಡು ಸಿಗದಿದ್ದರೆ ಇಡೀ ಬಂಡೆ ರಾಶಿ ಕಳಚಬೇಡಿ. ಏಡಿ, ಹುಳುಗಳು ಒಂದೆರಡು ದಿನದಲ್ಲಿ ತಿಂದು ಮುಗಿಸುತ್ತವೆ. ಆ ದಿನಗಳಲ್ಲಿ ಅಮೋನಿಯಾವನ್ನು ದಿನಕ್ಕೆರಡು ಬಾರಿ ನೋಡಿ, ನೈಟ್ರೇಟ್ ಮತ್ತು ಫಾಸ್ಫೇಟ್ ಅಳತೆಯನ್ನು ಒಂದು ವಾರ ಕಳೆದ ಮೇಲೆ ಮಾಡಿ. ಅಷ್ಟರಲ್ಲಿ ಬರುವ ಅಂಕಿಗಳನ್ನು ನಿಮ್ಮ ವಾರದ ಏರಿಕೆಯ ಸರಾಸರಿಗೆ ಸೇರಿಸಬೇಡಿ.